ಪೀರಮ್ಮ ಮರೆತ ಸಾಲು

ಗೀಗೀ ಮೇಳದವರ ಸವಾಲು-ಜವಾಬಿಗೆ ಕಲಬುರಗಿ ಕಡೆ ಒಂದು ಕಟ್ಟಳೆಯಿತ್ತು. ಒಂದು ಮೇಳ ಪದ ಎತ್ತಿ ಮೂರು ಸಾಲು ಹಾಡಿ ನಿಲ್ಲುತ್ತದೆ. ನಾಲ್ಕನೆಯದನ್ನು ಎದುರಿನ ಮೇಳ ಹಾಡಬೇಕು. ಹಾಡಿದರೆ ಗೆಲುವು ಅವರದು. ಬಾರದಿದ್ದರೆ ತಮ್ಮ ಮುಂದಿನ ವೀಳ್ಯದ ತಟ್ಟೆಯನ್ನು ಪದ ಎತ್ತಿದವರ ಕಡೆಗೆ ಸರಿಸಿ ಕೈ ಮುಗಿಯಬೇಕು. ತಟ್ಟೆ ಸರಿಯಿತೆಂದರೆ ಪದ ಮುಚ್ಚಿತು. ‘ಹಾಗಾದರೆ ಆ ನಾಲ್ಕನೆಯ ಸಾಲು ಯಾವುದು, ನೀವೇ ಹಾಡಿ’ ಎಂದು ಗೆದ್ದವರನ್ನು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಅನುಮಾನಪಟ್ಟಂತೆ.

ಸೇಡಂ ಸೀಮೆಯ ಮುಧೋಳದ ಪೀರಮ್ಮನಿಗೆ ಈ ಮರ್ಯಾದೆಯೇ ಮುಳುವಾಯಿತು.

ಅವಳ ಗುರು ಅಮೃತಮ್ಮ ಸಾಯುವ ಮುಂಚೆ ಅವಳಿಗೆ ಒಪ್ಪಿಸಿಹೋದ ಪದ ಒಂದಿತ್ತು. ಮೇಳದವರು ಅದನ್ನು ದೀಪದ ಪದ ಎನ್ನುತ್ತಿದ್ದರು.

ಎಣ್ಣಿ ತೀರಿದ ಮ್ಯಾಲ ದೀಪ ಎಲ್ಲಿಗಿ ಹೋತ
ಹಣ್ಣು ಉದುರಿದ ಮ್ಯಾಲ ರುಚಿ ಎಲ್ಲಿಗಿ ಹೋತ
ಕಣ್ಣು ಮುಚ್ಚಿದ ಮ್ಯಾಲ ಕಂಡದ್ದೆಲ್ಲಿಗಿ ಹೋತ

ಇಪ್ಪತ್ತೆರಡು ವರ್ಷ ಪೀರಮ್ಮ ಈ ಮೂರು ಸಾಲನ್ನು ಎದೆ ಸೆಟೆದು, ಕೈ ಎತ್ತಿ, ಗುಡುಗಿನಂತೆ ಹಾಡಿದಳು. ಸೇಡಂ, ಚಿತ್ತಾಪುರ, ಶಹಾಬಾದ್ ಎಲ್ಲ ಕಡೆಯೂ ಎದುರಿನವರು ತಟ್ಟೆ ಸರಿಸಿದರು. ನಾಲ್ಕನೆಯ ಸಾಲು ಹಾಡುವ ಪ್ರಸಂಗವೇ ಅವಳಿಗೆ ಬರಲಿಲ್ಲ. ಆ ವರ್ಷದ ಯುಗಾದಿಯ ಮರುದಿನ ತೊಗರಿಬೇಳೆ ಹಸನು ಮಾಡುತ್ತ ತನ್ನಷ್ಟಕ್ಕೆ ತಾನು ಗುನುಗಿದಾಗ ಮೂರು ಸಾಲು ಬಂದವು. ನಾಲ್ಕನೆಯದು ಬರಲಿಲ್ಲ. ಮೊರ ಕೆಳಗಿಟ್ಟು ಮತ್ತೆ ಮೊದಲಿನಿಂದ ಹಾಡಿದಳು. ಬರಲಿಲ್ಲ. ಸಂಜೆಯೊಳಗೆ ಬಂದೀತು ಎಂದುಕೊಂಡಳು. ಶ್ರಾವಣ ಬಂತು, ಸಾಲು ಬರಲಿಲ್ಲ.

ಅದು ಎಲ್ಲಿಯೂ ಬರೆದಿಟ್ಟದ್ದಲ್ಲ. ‘ಹಾಳಿ ಮ್ಯಾಲ ಇಟ್ಟದ್ದು ಹಾಳಿಗಿ ನೆನಪಿರ್ತದ, ನಿನಗಲ್ಲ’ ಎನ್ನುತ್ತಿದ್ದಳು ಅಮೃತಮ್ಮ. ಪ್ರಾಸದ ಅಕ್ಷರ ಮಾತ್ರ ಪೀರಮ್ಮನಿಗೆ ಗೊತ್ತಿತ್ತು. ಎಣ್ಣಿ, ಹಣ್ಣು, ಕಣ್ಣು ಆದ ಮೇಲೆ ನಾಲ್ಕನೆಯ ಸಾಲೂ ಅಂಥದೇ ಮಾತಿನಿಂದ ಶುರುವಾಗಬೇಕು. ಮಣ್ಣು, ಬಣ್ಣ, ಅಣ್ಣ, ಸುಣ್ಣ, ಸಣ್ಣ, ತಣ್ಣ, ಹೆಣ್ಣು, ಬೆಣ್ಣಿ, ಉಣ್ಣು. ಬೆರಳು ಮಡಚಿ ಎಣಿಸಿದರೆ ಒಂಬತ್ತು. ಒಂದೊಂದು ಬಾಗಿಲನ್ನೂ ತಟ್ಟಿ ನೋಡಿದ್ದಳು. ಒಳಗಿನಿಂದ ಯಾರೂ ಓಗೊಟ್ಟಿರಲಿಲ್ಲ.

ಶ್ರಾವಣದ ಕೊನೆಯ ಸೋಮವಾರ ಚಿಂಚೋಳಿಯ ಮಠದ ಅಂಗಳದಲ್ಲಿ ಕಾಳಗಿಯ ಕಾಶಪ್ಪನ ಮೇಳದೊಂದಿಗೆ ಅವಳ ಸವಾಲು-ಜವಾಬು ಗೊತ್ತಾಗಿತ್ತು. ಕೊನೆಗೆ ದೀಪದ ಪದ ಎತ್ತಲೇಬೇಕು ಎಂದು ಮಠದವರು ಹೇಳಿಕಳಿಸಿದ್ದರು. ಅದಕ್ಕೆ ಮೂರು ವಾರ ಮೊದಲು ಕಲಬುರಗಿಯ ದವಾಖಾನೆಯಲ್ಲಿ ಅವಳ ಬಲಗಣ್ಣಿನ ಮೋತಿಬಿಂದು, ಅಂದರೆ ಪೊರೆ, ತೆಗೆದರು. ಎಡಗಣ್ಣಿನಲ್ಲಿ ಮೊದಲೇ ಮಂಜು. ಔಷಧ ಹಾಕಲು ಜನ ಬೇಕಲ್ಲ ಎಂದು ತಂಗಿಯ ಮಗ ದೇವಿಂದ್ರ ಅವಳನ್ನು ವಾಡಿಯ ರೈಲ್ವೆ ಕ್ವಾರ್ಟರ್ಸಿಗೆ ಕರೆತಂದ.

ದೇವಿಂದ್ರ ವಾಡಿ ಜಂಕ್ಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಅವನ ಹೆಂಡತಿ ಸುಮಂಗಲಾ ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆಗೇ ಮನೆ. ದೇವಿಂದ್ರನಿಗೆ ಆ ತಿಂಗಳು ರಾತ್ರಿ ಪಾಳಿ. ಹೀಗಾಗಿ ಹಗಲು ಹೊತ್ತು ಮನೆಯಲ್ಲಿ ಪೀರಮ್ಮ ಮತ್ತು ಅವನು ಇಬ್ಬರೇ. ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಪೀರಮ್ಮ ಗೋಡೆಗೊರಗಿ ಕುಳಿತಿರುತ್ತಿದ್ದಳು. ಜಪಸರ ಒಂದು ಸುತ್ತು ತಿರುಗುವಷ್ಟರಲ್ಲಿ ಒಂದು ಗೂಡ್ಸು ದಾಟುತ್ತಿತ್ತು. ಮೂಲೆಯಲ್ಲಿ ದೇವಿಂದ್ರ ಮೊಬೈಲು ಹಿಡಿದು ಏನೋ ಗೊಣಗುತ್ತಿದ್ದ.

“ಬಂದಿತ್ತಲ್ಲ… ಬರಬೇಕಾಗಿತ್ತು… ಥತ್!”

ಎರಡು ದಿನ ಕೇಳಿದಳು. ಮೂರನೆಯ ದಿನ ಸರ ಮಡಿಲಿಗಿಟ್ಟಳು.

“ಏನ್ ಬರಬೇಕಾಗಿತ್ತೋ ತಮ್ಮಾ? ಗಾಡಿನಾ?”

“ಗಾಡಿ ಅಲ್ಲ ದೊಡ್ಡವ್ವ. ಎಲಿ.”

“ಎಂಥಾ ಎಲಿ?”

“ಇಸ್ಪೀಟ್ ಎಲಿ. ಪೋಕರ್ ಅಂತಾರ. ಮೊಬೈಲ್‌ದಾಗ ಆಡ್ತಾರ.”

“ರೊಕ್ಕ ಕಟ್ಟಿ?”

ದೇವಿಂದ್ರ ಕೆಮ್ಮಿದ. “ತಿಂಗಳಿಗಿ ಎರಡ ಸಾವಿರ. ಸುಮಂಗಲಾಗ ಗೊತ್ತದ. ಅದರ ಮ್ಯಾಲ ಒಂದು ರೂಪಾಯಿ ಹಾಕಿದ್ರ ಮೊಬೈಲ್ ಒಲಿಯಾಗ ಒಗಿತೀನಿ ಅಂದಾಳ.”

“ಒಗೀಲಿ. ನಾ ಕಡ್ಡಿ ಗೀರಿ ಕೊಡ್ತೀನಿ,” ಎಂದಳು ಪೀರಮ್ಮ.

ಸರಕಾರ ಇಂಥ ರೊಕ್ಕದ ಆಟಗಳನ್ನು ಮುಚ್ಚಿಸುವುದಕ್ಕೆ ಒಂದು ವರ್ಷ ಹಿಂದಿನ ಮಾತಿದು. ಪೀರಮ್ಮ ದೈವಭಕ್ತೆ. ಪೀರಸಾಹೇಬರ ಹರಕೆಯಿಂದ ಹುಟ್ಟಿದವಳೆಂದು ಆ ಹೆಸರು. ಸೋಮವಾರ ಮಠ, ಗುರುವಾರ ದರ್ಗಾ ತಪ್ಪಿಸಿದವಳಲ್ಲ. ಜೂಜು ಅವಳಿಗೆ ಸೇರದು. ಆದರೆ ಕಣ್ಣು ಕಟ್ಟಿದವಳಿಗೆ ಹಗಲು ಉದ್ದ. ಬೈದು ಬೈದು ಬೇಸತ್ತು, ಕೊನೆಗೆ ಕೇಳಿಯೇಬಿಟ್ಟಳು: “ಹ್ಯಾಂಗ ಆಡ್ತಾರ ಅದನ್ನ? ಬಾಯಿಲೆ ಹೇಳು.”

ಅವನಿಗೂ ಹೇಳಿಕೊಳ್ಳಲು ಒಂದು ಕಿವಿ ಬೇಕಾಗಿತ್ತು. ಒಬ್ಬೊಬ್ಬರ ಕೈಯಲ್ಲಿ ಎರಡು ಎಲೆ, ಯಾರಿಗೂ ಕಾಣದಂತೆ. ನಡುವೆ ಎಲ್ಲರಿಗೂ ಕಾಣುವಂತೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರಿಗೆ ಕೂಡುತ್ತವೋ ಅವರದು ಆಟ. ಪ್ರತಿ ಎಲೆ ಬಂದಾಗಲೂ ರೊಕ್ಕ ಕಟ್ಟಬಹುದು. ಎದುರಿನವನು ಕಟ್ಟಿದಷ್ಟು ಕಟ್ಟಲಾರದವನು ಕೈ ಬಿಟ್ಟು ಏಳಬೇಕು.

“ಈಗ ನೋಡು. ನನ್ನ ಕೈಯಾಗ ಎರಡೂ ಬದಾಮ್ ಅವ, ಕೆಂಪು ಹಾರ್ಟಿನ ಎಲಿ. ನಡಕ ಮೂರ ಎಲಿ ಬಿದ್ದಾವ, ಅದರಾಗ ಎರಡ ಬದಾಮ್. ನಾಕ ಆದವು. ಇನ್ನೊಂದ ಬಂತಂದ್ರ ಒಂದೇ ಜಾತಿ ಐದಾಗಿ ಕೈ ಕೂಡ್ತು.”

“ಬರಲಿಲ್ಲ ಅಂದ್ರ?”

“ಏನೂ ಇಲ್ಲ. ಬರೇ ಖಾಲಿ ಕೈ.”

“ಎಷ್ಟ ಬದಾಮ್ ಉಳದಾವ?”

“ಹದಿಮೂರದಾಗ ನಾಕ ಹೋದ್ರ ಒಂಬತ್ತು.”

ಪೀರಮ್ಮನ ಬೆರಳು ಜಪಸರದ ಮೇಲೆ ನಿಂತವು. ಒಂಬತ್ತು. ಮಣ್ಣು, ಬಣ್ಣ, ಅಣ್ಣ…

“ಅಂಥಾ ಕೈ ಬಂದಾಗ ಏನ್ ಮಾಡ್ತಿ? ಕಾಯ್ಕೋತ ಕುಂದ್ರತಿ?”

“ಅದೇ ದೊಡ್ಡವ್ವ ನನ್ನ ತಲಿನೋವು. ಕೈ ಕೂಡೇಬಿಟ್ಟದ ಅನ್ನೂವಂಗ ಜೋರಾಗಿ ರೊಕ್ಕ ಒಗೀಬೇಕೋ, ಮೆತ್ತಗ ಹೋಗ್ಬೇಕೋ? ಒಗದ್ರ ಎರಡ ಬಾಗಿಲಾ ತೆರೀತಾವ. ಎದುರಿನಾಂವ ಅಂಜಿ ಬಿಟ್ಟಾ ಅಂದ್ರ ಕೈ ಕೂಡದಿದ್ರೂ ನಂದೇ. ಬಿಡಲಿಲ್ಲ, ಹೋಗ್ಲಿ, ಮುಂದ ಎಲಿ ಬರ್ಲಿಕ್ಕೂ ಸಾಕು. ಈ ಬುದ್ಧಿ ಕಲ್ತಾಗಿನಿಂದ ನಾ ಎಲ್ಲಾರ ಮ್ಯಾಲೂ ಒಗೀತೀನಿ. ಆದ್ರೂ ತಿಂಗಳ ಕಡಿಗಿ ಖಾಲಿನೇ.”

ಪೀರಮ್ಮ ಕತ್ತು ವಾಲಿಸಿದಳು. “ಅದರ ಸಪ್ಪಳ ಇಲ್ಲೇನು?”

“ಬಂದ್ ಮಾಡೀನಿ. ಕಿರಿಕಿರಿ.”

“ಸಪ್ಪಳ ಹಚ್ಚು.”

ಅಂದಿನಿಂದ ಮಧ್ಯಾಹ್ನದ ಊಟವಾದ ಮೇಲೆ ಒಂದು ತಾಸು ಆಟಕ್ಕೆ ಸಪ್ಪಳ ಬಂತು. ಎಲೆ ಬಿದ್ದರೆ ‘ಸರ್’, ರೊಕ್ಕ ಒಗೆದರೆ ‘ಝಣ್’, ಯಾರಾದರೂ ಯೋಚಿಸುತ್ತ ಕುಳಿತರೆ ಗಡಿಯಾರದ ‘ಟಿಕ್ ಟಿಕ್’. ದೇವಿಂದ್ರ ಎಲೆ ಓದಿ ಹೇಳುತ್ತಿದ್ದ, ಎದುರಿನವರ ಹೆಸರು ಹೇಳುತ್ತಿದ್ದ. ಯಾರದೂ ನಿಜ ಹೆಸರಲ್ಲ. ಒಬ್ಬ ತೂಫಾನ್, ಒಬ್ಬ ರಾಜಾಬಾಬು, ಒಬ್ಬ ಲಕ್ಕಿ ಅಂಕಲ್. ಪೀರಮ್ಮ ಹೆಸರಿಗಿಂತ ಸಪ್ಪಳವನ್ನೇ ಹೆಚ್ಚು ಕೇಳುತ್ತಿದ್ದಳು. ಅರವತ್ತೆಂಟು ವರ್ಷ ಕಿವಿಯಿಂದಲೇ ಕಲಿತವಳು.

ನಾಲ್ಕನೆಯ ದಿನ ಅಂದಳು: “ಈ ಅಂಕಲ್‌ಗ ನೀ ಎಷ್ಟ ಒಗದ್ರೂ ಗಡಿಯಾರ ಬಡಿಯಂಗಿಲ್ಲ ನೋಡು.”

“ಅಂದ್ರ?”

“ಅಂವ ವಿಚಾರನೇ ಮಾಡಂಗಿಲ್ಲ. ನಿಂದು ‘ಝಣ್’ ಅನ್ನೂದ್ರಾಗ ಅಂವಂದೂ ‘ಝಣ್’. ಅಂಥಾಂವ ಬಿಡೂ ಮನಷ್ಯಾ ಅಲ್ಲ. ಅಂವನ ಮುಂದ ನಿಂದು ಒಂದೇ ಬಾಗಿಲ. ಒದರ್ಯಾಡಿ ಏನ್ ಉಪಯೋಗ? ಕಿವುಡನ ಮುಂದ ಶಂಖ. ಆ ತೂಫಾನ್ ಇದ್ದಾನಲ್ಲ, ಅಂವಂಗ ಟಿಕ್ ಟಿಕ್ ಭಾಳ. ಹೆಸರಷ್ಟೇ ತೂಫಾನು, ಅಂಜುಬುರುಕ. ಅಂವನ ಮ್ಯಾಲ ಒಗಿ.”

ದೇವಿಂದ್ರ ಬಾಯಿ ಬಿಟ್ಟುಕೊಂಡು ಕುಳಿತ. ಎರಡು ವರ್ಷದಿಂದ ಆಡುತ್ತಿದ್ದವನಿಗೆ ಇಷ್ಟು ಹೊಳೆದಿರಲಿಲ್ಲ. ಮರುದಿನ ಲಕ್ಕಿ ಅಂಕಲ್ ಎದುರಿಗೆ ನಾಲ್ಕು ಬದಾಮ್ ಬಂದಾಗ ಒಗೆಯಲಿಲ್ಲ. ಅಂಕಲ್ ಕಟ್ಟಿದ ಸಣ್ಣ ರೊಕ್ಕಕ್ಕೆ ಸರಿಗಟ್ಟಿ ಸುಮ್ಮನೆ ಎಲೆ ನೋಡಿದ. ಐದನೆಯ ಬದಾಮ್ ಬರಲಿಲ್ಲ. ಸೋತ. ಆದರೆ ಸೋತದ್ದು ಇಪ್ಪತ್ತು ರೂಪಾಯಿ.

“ಮದಲಿನಂಗ ಇದ್ರ ಐನೂರ ಹೋಗ್ತಿತ್ತು,” ಎಂದ ಖುಷಿಯಿಂದ.

“ಸೋತು ಹಿಗ್ಗಾಂವನ್ನ ನಿನ್ನೊಬ್ಬನ್ನೇ ನೋಡಿದ್ನೋ ಎಪ್ಪಾ,” ಎಂದಳು ಪೀರಮ್ಮ.

ಆ ಭಾನುವಾರ ಶಹಾಬಾದಿನಿಂದ ತಾಹಿರ್ ಬಂದ. ಫರ್ಸಿ ಕಲ್ಲು ಪಾಲಿಶ್ ಮಾಡುವ ಕೆಲಸ ಅವನದು. ಹದಿನೈದು ವರ್ಷದಿಂದ ಪೀರಮ್ಮನ ಮೇಳದಲ್ಲಿ ದಪ್ಪು ಬಾರಿಸುವವನು. ಹುಬ್ಬಿನ ಮೇಲೆ ಕಲ್ಲಿನ ಪುಡಿ ಹಾಗೇ ಇತ್ತೆಂದು ಸುಮಂಗಲಾ ನಕ್ಕಳು. ಚಹಾ ಕುಡಿದು ಬಸಿಯನ್ನು ಕೆಳಗಿಟ್ಟು, ಅವನು ಧ್ವನಿ ತಗ್ಗಿಸಿದ.

“ಪೀರಮ್ಮಕ್ಕ, ನೀವ್ ಹೇಳಿದ್ದು ಕೆಲಸ ಆತ್ರಿ. ಕಾಶಪ್ಪನ್ನ ಕಾಳಗಿ ಸಂತ್ಯಾಗ ಹಿಡದು, ಮಾತಿಗಿ ಮಾತ್ ತಗದು ಕೇಳಿದ್ನಿ, ದೀಪದ ಪದ ನಿಮಗ ಬರ್ತದೇನ್ರಿ ಅಂತ. ಅಂವ, ‘ಅಮೃತಮ್ಮ ಅದನ್ನ ನನಗ ಕಲಿಸಲೇ ಇಲ್ಲೋ ತಾಹಿರ್’ ಅಂದ. ಖರೇನೇ ಹೇಳ್ದ, ಮಾರಿ ನೋಡಿದ್ನಲ್ಲ. ಗೆದ್ದಂಗೇ ತಿಳೀರಿ. ದಸರಾತನ ಕಾರ್ಯಕ್ರಮ ಎಲ್ಲಾ ನಮ್ಮ ಮೇಳಕ್ಕೇ.”

ಪೀರಮ್ಮ “ಹೂಂ” ಎಂದಳು. ತಾಹಿರ್ ಅದನ್ನು ಸಂತೋಷದ ಹೂಂ ಎಂದುಕೊಂಡು ಹೋದ.

ಕಾಶಪ್ಪ ಹದಿನಾಲ್ಕನೆಯ ವಯಸ್ಸಿನಲ್ಲಿ ಅಮೃತಮ್ಮನ ಮನೆಯಲ್ಲಿ ಎರಡು ವರ್ಷ ಇದ್ದವನು. ಎತ್ತು ಮೇಯಿಸುತ್ತಿದ್ದ, ಆಕೆಯ ಮೊಮ್ಮಗನ ತೊಟ್ಟಿಲು ತೂಗುತ್ತಿದ್ದ, ಹಾಡು ಕಲಿಯುತ್ತಿದ್ದ. ಆಮೇಲೆ ಜಗಳವಾಡಿ ಎದುರಿನ ಮೇಳಕ್ಕೆ ಹೋದ. ಈ ಭೂಮಿಯ ಮೇಲೆ ಆ ಸಾಲು ಇನ್ನೊಬ್ಬರ ಕಿವಿಯಲ್ಲಿ ಉಳಿದಿದ್ದರೆ ಅವನ ಕಿವಿಯಲ್ಲಿ ಮಾತ್ರ ಎಂದು ಪೀರಮ್ಮ ಅಂದಾಜು ಮಾಡಿದ್ದಳು. ಗೆಲ್ಲುವುದು ಖಾತ್ರಿಯೇ ಎಂದು ತಿಳಿಯಲು ತಾಹಿರನನ್ನು ಕಳಿಸಿದಳೋ, ಸಾಲು ಇನ್ನೂ ಉಳಿದಿದೆಯೇ ಎಂದು ತಿಳಿಯಲು ಕಳಿಸಿದಳೋ, ಆಗ ಅವಳಿಗೇ ಸ್ಪಷ್ಟವಿರಲಿಲ್ಲ. ಈಗ ಗೆಲುವು ಖಾತ್ರಿಯೆಂದು ಕೇಳಿ ಎದೆ ಹಗುರಾಗಬೇಕಿತ್ತು. ಆಗಲಿಲ್ಲ.

ಸೋಮವಾರ ಮಧ್ಯಾಹ್ನ ದೇವಿಂದ್ರನಿಗೆ ಎಲ್ಲವನ್ನೂ ಹೇಳಿದಳು. ಮರೆತದ್ದನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅವನು ಮೊಬೈಲು ಬೋರಲು ಹಾಕಿ ಕೇಳಿದ. ಆಮೇಲೆ ಆಟಗಾರನ ದನಿಯಲ್ಲೇ ಕೇಳಿದ:

“ಕಾಶಪ್ಪ ಬಿಡೂ ಮನಷ್ಯಾನೋ, ಬಿಡಲಾರದ ಮನಷ್ಯಾನೋ?”

“ಮಾತಿನಾಗ ಶೂರ. ಎದುರು ದನಿ ಏರಿತಂದ್ರ ತಾಳದ ಕೈ ನಡಗ್ತದ. ಹೆಂಡ್ತಿ ಮುಂದನೂ ಹಂಗೇ ಅಂತ.”

“ಹಂಗಾರ ಮುಗೀತಲ್ಲ! ನೀನೇ ನನಗ ಕಲಿಸಿದ್ದು. ತೂಫಾನ್ ಮ್ಯಾಲ ಒಗದಂಗ ಒಗಿ. ಪೂರಾ ದನಿ ಒಗಿ. ತಟ್ಟಿ ಸರಿಸ್ತಾನ. ನಾಕನೇ ಸಾಲ್ ಬೇಕಾಗೂದೇ ಇಲ್ಲ.”

“ಬೇಕಾಗೂದೇ ಇಲ್ಲ,” ಎಂದು ಪೀರಮ್ಮ ಅವನ ಮಾತನ್ನೇ ಮೆಲ್ಲಗೆ ತಿರುಗಿ ಹೇಳಿದಳು.

ಹೊರಗೆ ಗೂಡ್ಸೊಂದು ಶಂಟಿಂಗ್ ಮಾಡುತ್ತಿತ್ತು. ಡಬ್ಬಿಗೆ ಡಬ್ಬಿ ತಾಗಿ ಸದ್ದು ಸಾಲಾಗಿ ಓಡಿತು. ದೇವಿಂದ್ರ ಮತ್ತೆ ಆಟ ತೆಗೆದ. ಸ್ವಲ್ಪ ಹೊತ್ತಿಗೆ ಅವನಿಗೆ ಅಂಥದೇ ಕೈ ಬಂತು. ನಾಲ್ಕು ಬದಾಮ್, ಎದುರಿಗೆ ತೂಫಾನ್. ಅವನು ಇದ್ದದ್ದೆಲ್ಲ ಒಗೆದ. ಗಡಿಯಾರ ಬಡಿಯತೊಡಗಿತು. ಟಿಕ್ ಟಿಕ್ ಟಿಕ್. ನಿಂತಿತು.

“ಬಿಟ್ಟ! ಬಿಟ್ಟ ದೊಡ್ಡವ್ವ!”

“ಮುಂದಿನ ಎಲಿ ಯಾವುದಿತ್ತು?”

“ಯಾವ ಎಲಿ?”

“ಬರೂದಿತ್ತಲ್ಲ ಐದನೇ ಬದಾಮ್. ಬರ್ತಿತ್ತೋ ಇಲ್ಲೋ?”

“ಅದು ತೋರ್ಸಂಗಿಲ್ಲ. ಎದುರಿನಾಂವ ಬಿಟ್ಟ ಮ್ಯಾಲ ಆಟ ಮುಗೀತು. ಉಳದ ಎಲಿ ಎಲ್ಲಾ ಕೂಡ್ಸಿ ಕಲಸಿಬಿಡ್ತದ.”

“ಯಾರಿಗೂ ಗೊತ್ತಾಗಂಗಿಲ್ಲ?”

“ಯಾರಿಗೂ.”

“ನೋಡ್ಬೇಕು ಅಂದ್ರ?”

ದೇವಿಂದ್ರ ನಕ್ಕ. “ನೋಡ್ಬೇಕಂದ್ರ ಮೆತ್ತಗ ಆಡಬೇಕು. ಎದುರಿನಾಂವನ್ನ ಓಡಸಬಾರದು, ಕುಂದ್ರಿಸಿಕೊಬೇಕು. ಆದ್ರ ಗೆಲ್ಲೂ ಆಟ ಬಿಟ್ಟು ಎಲಿ ನೋಡ್ಲಿಕ್ಕ ಯಾಂವ ಆಡ್ತಾನ ಹೇಳು?”

ಪೀರಮ್ಮ ಹಸಿರು ಬಟ್ಟೆಯ ಹಿಂದೆ ಕಣ್ಣು ಮುಚ್ಚಿ ಅಮೃತಮ್ಮನ ಅಂಗಳವನ್ನು ನೋಡುತ್ತಿದ್ದಳು. ಇಪ್ಪತ್ತೆರಡು ವರ್ಷ ಎದುರಿನವರನ್ನೆಲ್ಲ ಓಡಿಸಿ ಓಡಿಸಿ ಗೆದ್ದದ್ದು, ಗೆದ್ದು ಗೆದ್ದು ಎಲೆಯನ್ನು ಕಲಸಿಹಾಕಿದ್ದು ನೆನಪಾಯಿತು.

ಶ್ರಾವಣದ ಕೊನೆಯ ಸೋಮವಾರ. ರಾತ್ರಿ ಮೈಕಿಗೆ ಪರವಾನಗಿ ಸಿಗುವುದು ಕಷ್ಟವೆಂದು ಮಠದವರು ಮಧ್ಯಾಹ್ನದ ಊಟವಾದ ಮೇಲೆಯೇ ಹಾಡು ಹಚ್ಚಿದ್ದರು. ಫರ್ಸಿ ಹಾಸಿದ ಅಂಗಳ, ಮೇಲೆ ಶಾಮಿಯಾನ. ಪೀರಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಕೂಗಿ ಹಾಡಬೇಡ, ಕಣ್ಣಿಗೆ ಭಾರ ಬಿದ್ದೀತು ಎಂದು ಡಾಕ್ಟರರು ಹೇಳಿದ್ದನ್ನು ಸುಮಂಗಲಾ ದಾರಿಯುದ್ದಕ್ಕೂ ನೆನಪಿಸಿದ್ದಳು. ಅವಳೂ ದೇವಿಂದ್ರನೂ ರಜೆ ಹಾಕಿ ಬಂದು ಮೊದಲ ಸಾಲಿನಲ್ಲಿ ಕುಳಿತಿದ್ದರು.

ಎದುರಿಗೆ ಕಾಶಪ್ಪ ತಾಳ ಕುಟ್ಟಿದ. “ಏನ್ ಪೀರವ್ವಕ್ಕಾ, ಕಣ್ಣಿಗಿ ಹೊಸಾ ಕಾಚ್ ಕೂಡಿಸ್ಯಾರಂತ. ಈಗರೆ ನಾ ನಿನಗ ಕಾಣ್ತೀನಿಲ್ಲ?”

“ಕಂಡಿ ಕಾಶಪ್ಪ. ಮದಲೇ ಚೊಲೊ ಇತ್ತು,” ಎಂದಳು ಪೀರಮ್ಮ. ಅಂಗಳ ಗೊಳ್ಳೆಂದಿತು. ಕಾಶಪ್ಪನೂ ನಕ್ಕ.

ಮೊದಲ ಪದ ಕಾಶಪ್ಪ ಗೆದ್ದ, ಎರಡನೆಯದು ಪೀರಮ್ಮ. ಹೊತ್ತು ಇಳಿಯುವಷ್ಟರಲ್ಲಿ ಸಮಸಮ. ಕೊನೆಯದು ದೀಪದ ಪದ. ಅವಳು ತಾಹಿರನ ಕಡೆ ಬಾಗಿದಳು.

“ದಪ್ಪು ಮೆತ್ತಗ ಬಡಿ.”

“ಏನ್ರಿ?”

“ಮೆತ್ತಗ. ತೊಟ್ಟಿಲಾ ತೂಗಿದಂಗ.”

“ಸೋಲ್ಲಿಕ್ಕ ಬಂದೀರೇನಕ್ಕಾ? ಈ ಪದಾ ಹಂಗ ಹಾಡೂದಲ್ಲ!”

ಮುಂದೆ ಮಾತಿಗೆ ಆಸ್ಪದವಿರಲಿಲ್ಲ. ಜನ ‘ದೀಪಾ, ದೀಪಾ’ ಎನ್ನುತ್ತಿದ್ದರು. ಹದಿನೈದು ವರ್ಷದ ಅಭ್ಯಾಸ ತಾಹಿರನ ಕೈಯಲ್ಲಿತ್ತು, ಇಪ್ಪತ್ತೆರಡು ವರ್ಷದ್ದು ಪೀರಮ್ಮನ ಕೊರಳಲ್ಲಿ. ದಪ್ಪು ಗುಡುಗಿತು. ಅವಳು ಮೆತ್ತಗೆ ಎಂದುಕೊಂಡೇ ಬಾಯಿ ತೆರೆದಳು, ಆದರೆ ಹೊರಬಿದ್ದದ್ದು ಹಳೆಯ ದನಿ. ಎಣ್ಣಿ ತೀರಿದ ಮ್ಯಾಲ ಎಂದು ಶಾಮಿಯಾನ ನಡುಗುವಂತೆ ಎದ್ದಿತು. ಕೈ ತಾನಾಗಿಯೇ ಮೇಲೆ ಹೋಯಿತು. ಮೂರನೆಯ ಸಾಲು ಮುಗಿದಾಗ ಜನ ಶಿಳ್ಳೆ ಹೊಡೆದರು.

ಪೀರಮ್ಮ ಕಣ್ಣು ಮುಚ್ಚಿದಳು. ಎದುರಿನಿಂದ ತಾಳದ ಸಣ್ಣ ಸದ್ದು: ಟಿಣ್, ಟಿಣ್, ಟಿಣ್. ಕಾಶಪ್ಪ ಹಾಡುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ವಿಚಾರ ಮಾಡುತ್ತಿದ್ದ. ಏನೂ ಗೊತ್ತಿಲ್ಲದವನು ಇಷ್ಟು ಹೊತ್ತು ವಿಚಾರ ಮಾಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ತಾಳ ನಿಂತಿತು. ಹಿತ್ತಾಳೆಯ ತಟ್ಟೆ ಫರ್ಸಿಯ ಮೇಲೆ ಕರಕ್ಕೆಂದಿತು. ಒಂದು ಗೇಣು ಸರಿಯಿತು.

ತಾಹಿರ್ ಆಗಲೇ ದಪ್ಪನ್ನು ತಲೆಯ ಮೇಲೆ ಎತ್ತಿದ್ದ. ದೇವಿಂದ್ರ ಅರ್ಧ ಎದ್ದು ನಿಂತಿದ್ದ. ಇನ್ನೊಂದು ಗೇಣು ಸರಿದರೆ ಸಾಕು.

“ತಡಿ,” ಎಂದಳು ಪೀರಮ್ಮ.

ತಟ್ಟೆ ಪೂರ್ತಿ ಸರಿಯುವ ತನಕ ಪದ ಎತ್ತಿದವರು ಅದನ್ನು ಎಷ್ಟು ಸಲ ಬೇಕಾದರೂ ಹಾಡಬಹುದು. ಗೆಲ್ಲುವವರು ಯಾರೂ ಹಾಡಿದ್ದಿಲ್ಲ, ಅಷ್ಟೇ. ಪೀರಮ್ಮ ತಾಹಿರನ ದಪ್ಪಿನ ಮೇಲೆ ಅಂಗೈ ಇಟ್ಟು ಅದನ್ನು ಸುಮ್ಮನಾಗಿಸಿದಳು. ಮೈಕನ್ನು ಬಾಯಿಂದ ದೂರ ಸರಿಸಿದಳು. ಎದುರಿಗೆ ಕುಳಿತ ಒಬ್ಬನಿಗೆ ಮಾತ್ರ ಹೇಳುವಂತೆ, ಅಮೃತಮ್ಮ ಅಂಗಳದಲ್ಲಿ ಕುಳಿತು ಹಾಡುತ್ತಿದ್ದ ಇಳಿದನಿಯಲ್ಲಿ, ಎಳೆದು ಎಳೆದು ಹಾಡಿದಳು.

ಎಣ್ಣಿ ತೀರಿದ ಮ್ಯಾಲ ದೀಪ ಎಲ್ಲಿಗಿ ಹೋತ…

ಹಿಂದೆ ಕುಳಿತವರು ಕೇಳಿಸದೆ ಮುಂದಕ್ಕೆ ಬಾಗಿದರು. ಅವಳು ಎರಡನೆಯ ಸಾಲು ಹಾಡಿದಳು, ಮೂರನೆಯದು ಹಾಡಿದಳು, ನಿಂತಳು. ನಿಂತು ಕಾಯ್ದಳು. ಬರದಿದ್ದರೆ ಬರಲಿಲ್ಲ, ಆದರೆ ನೋಡದೆ ಏಳಬಾರದು.

ಕಾಶಪ್ಪನ ಕೈ ತಟ್ಟೆಯ ಅಂಚಿನಲ್ಲೇ ಇತ್ತು. ಅವನ ಮೈ ಮೊದಲು ಅಲುಗಿತು. ಕುಳಿತಲ್ಲೇ ಹಿಂದೆ ಮುಂದೆ, ತೊಟ್ಟಿಲ ಹಗ್ಗ ಹಿಡಿದವನ ಹಾಗೆ. ಆಮೇಲೆ ಬಾಯಿ ತೆರೆಯಿತು. ಹಾಡಿದ್ದಲ್ಲ, ಗುನುಗಿದ್ದು.

ಸಣ್ಣ ಕೂಸಿನ ತುಟಿಮ್ಯಾಲ ನಗಿಯಾಗಿ ಹೋತ…

ಯಾರೂ ಶಿಳ್ಳೆ ಹೊಡೆಯಲಿಲ್ಲ. ಪೀರಮ್ಮನ ಒಳಗೆ ಒಂದು ಬಾಗಿಲು ತೆರೆಯಿತು. ಅಂಗಳ, ಬೇವಿನ ಗಿಡ, ತೊಟ್ಟಿಲ ಪಕ್ಕದಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತ ಅಮೃತಮ್ಮ, ಎಲ್ಲ ಒಮ್ಮೆಗೇ. ಸಣ್ಣ. ಆ ಬಾಗಿಲನ್ನೂ ತಟ್ಟಿದ್ದಳು. ಒಳಗೆ ಕೂಸಿತ್ತು, ನಿದ್ದೆ ಮಾಡಿತ್ತು.

ಅವಳು ತನ್ನ ಮುಂದಿನ ತಟ್ಟೆಯನ್ನು ಎರಡೂ ಕೈಯಿಂದ ಹಿಡಿದು ಕಾಶಪ್ಪನ ಕಡೆಗೆ ಪೂರ್ತಿ ಸರಿಸಿದಳು. ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಳು. ಕೈ ಮುಗಿದಳು.

ಆಗ ಜನ ಎದ್ದರು. ಕಾಳಗಿಯವರು ಕುಣಿದರು, ಮುಧೋಳದವರು ಮುಖ ಮುಖ ನೋಡಿಕೊಂಡರು. ತಾಹಿರ್ ದಪ್ಪನ್ನು ತೊಡೆಯ ಮೇಲೆ ಬೋರಲು ಹಾಕಿ, “ಗೆದ್ದಿದ್ದೆವ್ರಿ ಅಕ್ಕಾ. ಒಂದ್ ಗೇಣಿನ ಮಾತಿತ್ತು,” ಎಂದ. ಅವನ ದನಿಯಲ್ಲಿ ಅಳುವಿತ್ತು.

“ಗೊತ್ತದೋ ತಮ್ಮಾ. ದಸರಾದಾಗ ನಿನಗ ತ್ರಾಸ ಆಗ್ತದ. ಬೈಯಿ, ನಾ ಕೇಳ್ತೀನಿ.”

ಅವನು ಬೈಯಲಿಲ್ಲ. ತಟ್ಟೆ ಎತ್ತಿಕೊಂಡು ಕಾಶಪ್ಪ ತಾನೇ ಈಚೆ ಬಂದು ಅವಳ ಪಕ್ಕ ಕುಳಿತ. ಗೆದ್ದವನ ಮುಖವಲ್ಲ ಅದು. ಏನೋ ಕಳೆದುಕೊಂಡದ್ದು ಮತ್ತೆ ಸಿಕ್ಕವನ ಮುಖ.

“ಪೀರವ್ವಕ್ಕಾ, ನಿನ್ನಾಣಿ, ನನಗ ಈ ಪದಾ ಬರ್ತಿರಲಿಲ್ಲ. ತಾಹಿರ್‌ಗೂ ಖರೇನೇ ಹೇಳಿದ್ದೆ. ಆ ಒಂದು ಸಾಲ್ ಅಷ್ಟೇ ಇತ್ತು ನನ್ನ ಹಂತ್ಯಾಕ. ಕೂಸು ಅತ್ತಾಗ ಅಕಿ ಅದೊಂದನ್ನೇ ಹಾಡ್ತಿದ್ಲು. ನಾ ಜೋಗುಳ ಅಂದ್ಕೊಂಡಿದ್ದೆ. ನನ್ನ ಮಕ್ಕಳಿಗಿ, ಮಮ್ಮಕ್ಕಳಿಗಿ ಅದನ್ನೇ ಹಾಡೀನಿ. ಅದಕ್ಕ ತಲಿ ಅದ ಅಂತ ಇವತ್ತೇ ಗೊತ್ತಾತು.”

“ನನ್ನ ಹಂತ್ಯಾಕ ತಲಿ ಇತ್ತು, ಕಾಲ್ ಇರಲಿಲ್ಲ,” ಎಂದಳು ಪೀರಮ್ಮ.

ಕಾಶಪ್ಪ ಅವಳನ್ನು ನೋಡಿದ. ಅರ್ಥವಾಯಿತು. ಯಾರಿಗೂ ಹೇಳುವುದಿಲ್ಲವೆಂಬಂತೆ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ ಅವಳ ಕೈಗೆ ಕೊಟ್ಟ.

“ಮದಲಿನ ಸಲ ಹಾಡಿದಾಗ ನನಗ ಬರೇ ಅಂಜಿಕಿ ಬಂತು ನೋಡು. ಹಂಗೇ ಬಿಡಾಂವಿದ್ದೆ.”

“ಕೇಳಿಸ್ತು. ತಟ್ಟಿ ಸರಿಯೂ ಸಪ್ಪಳ.”

ಸೇಡಂ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಸಿಕ್ಕಿತು. ಕಿಟಕಿಯಿಂದ ತೊಗರಿ ಹೊಲದ ಹಸಿ ಗಾಳಿ ಬರುತ್ತಿತ್ತು. ದೇವಿಂದ್ರನಿಗೆ ಇನ್ನೂ ಸಮಾಧಾನವಿರಲಿಲ್ಲ.

“ಅಲ್ಲ ದೊಡ್ಡವ್ವ, ಅಂವ ಬಿಡ್ಲಿಕತ್ತಿದ್ದ. ಬಿಡಾಂವನ್ನ ಕರದು ಕುಂದ್ರಿಸಿದೆಲ್ಲ! ಹತ್ತು ಮಂದಿನ್ನ ಕೇಳು, ಹತ್ತೂ ಮಂದಿ ತಪ್ಪ ಆಡಿದಿ ಅಂತಾರ.”

“ರೊಕ್ಕಕ್ಕ ಆಡಿದ್ರ ತಪ್ಪೇ.”

“ಮತ್ತ ಆ ಸಾಲು ಅಂವಂಗ ಬರ್ದಿದ್ರ?”

“ನಾ ಸೋಲ್ತಿರಲಿಲ್ಲ, ಅಂವ ತಟ್ಟಿ ಸರಿಸ್ತಿದ್ದ. ಗೆದ್ದು ಮನಿಗಿ ಬಂದು ಅಳ್ತಿದ್ದೆ,” ಎಂದಳು ಪೀರಮ್ಮ. ಆಮೇಲೆ ಸುಮಂಗಲಾಳ ಮೊಣಕೈ ತಟ್ಟಿದಳು. “ನಾಕೂ ಸಾಲ್ ಹೇಳು ನೋಡೂಣು.”

ಸುಮಂಗಲಾ ಹೇಳಿದಳು, ಎರಡನೆಯ ಸಾಲಿನಲ್ಲಿ ತಪ್ಪಿದಳು. ಮುಂದಿನ ಸೀಟಿನಲ್ಲಿದ್ದ ತಾಹಿರ್ ತಿರುಗದೆಯೇ ತಿದ್ದಿದ, ಬೆರಳಿನಿಂದ ಸೀಟಿನ ಕಂಬಿಯ ಮೇಲೆ ತಾಳ ಹಾಕುತ್ತ. ಮೆತ್ತಗೆ, ತೊಟ್ಟಿಲು ತೂಗಿದಂತೆ. ಪೀರಮ್ಮ ತುಟಿ ಅರಳಿಸಿದಳು.

“ಅತ್ತಿ, ಮೊಬೈಲ್‌ದಾಗ ಹಿಡದಿಡ್ಲೇನ್ರಿ?” ಎಂದು ಸುಮಂಗಲಾ ಅನುಮಾನದಿಂದಲೇ ಕೇಳಿದಳು. ಅಮೃತಮ್ಮನ ಹಾಳೆಯ ಮಾತು ಅವಳಿಗೂ ಗೊತ್ತಿತ್ತು.

ಪೀರಮ್ಮ ಕಿಟಕಿಯ ಕಡೆ ಮುಖ ಮಾಡಿದಳು. ಅಮೃತಮ್ಮನನ್ನು ಮನಸ್ಸಿನಲ್ಲೇ ಒಂದು ಮಾತು ಕೇಳಿಕೊಂಡಳೆಂದು ಕಾಣುತ್ತದೆ.

“ಹಿಡಿ. ಆದ್ರ ಮದಲು ನೀ ಬಾಯಿಲೆ ಕಲಿ,” ಎಂದಳು. “ಏ ದೇವಿಂದ್ರ, ಆ ನಿನ್ನ ಆಟ ಬಂದ್ ಮಾಡು. ನೀನೂ ಹೇಳು. ಎಣ್ಣಿ ತೀರಿದ ಮ್ಯಾಲ…”